ಹಳೆಯ ಜೋಡಿ ನಳಿಕೆ ಕೋವಿಯಲ್ಲಿ ಖಾಲಿ ತೋಟಾ ಕಚ್ಚಿಕೊಳ್ಳುವುದೇಕೆ: ಚೇಂಬರ್ ಓದುವ, ತೊಳೆಯುವ, ಉಜ್ಜುವ ಕ್ರಮ

ಬಲ ನಳಿಕೆಯ ಖಾಲಿ ತೋಟಾ ಬೆರಳು ತಾಗಿಸಿದರೆ ಹೊರಬರುತ್ತದೆ. ಎಡ ನಳಿಕೆಯದು ಉಗುರು ಮುರಿದರೂ ಅಲುಗುವುದಿಲ್ಲ. ಹಳೆಯ 12 ಬೋರ್ ಕೋವಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಪಾಡು ಇದು. ಇಂಥ ಹೊತ್ತಿನಲ್ಲಿ ತಪ್ಪನ್ನು ಖಾಲಿ ತೋಟಾ ಹಿಂದಕ್ಕೆಳೆಯುವ ಭಾಗವಾದ ಎಕ್ಸ್‌ಟ್ರಾಕ್ಟರಿನ ತಲೆಗೆ ಕಟ್ಟುವುದು ರೂಢಿ. ಎಕ್ಸ್‌ಟ್ರಾಕ್ಟರ್ ಬದಲಾಯಿಸಿ, ಸ್ಪ್ರಿಂಗ್ ಬಿಗಿ ಮಾಡಿಸಿ, ಕೊನೆಗೆ ತೋಟಾ ಕಂಪನಿಯನ್ನೂ ಬೈದು ಮುಗಿದ ಮೇಲೆ ತೋಟಾ ಕೂರುವ ಚೇಂಬರಿನೊಳಗೆ ಟಾರ್ಚ್ ಬಿಡುತ್ತಾರೆ. ಮಾಡಬೇಕಾದದ್ದು ಇದರ ತಲೆಕೆಳಗು. ಮೊದಲು ಖಾಲಿ ತೋಟಾ ನೋಡಬೇಕು, ಆಮೇಲೆ ಚೇಂಬರ್ ತೊಳೆಯಬೇಕು. ಉಜ್ಜುವ ಮಾತು ಕೊನೆಗೆ, ಅದೂ ಅಗತ್ಯ ಬಿದ್ದರೆ ಮಾತ್ರ.

ಶುರು ಮಾಡುವ ಮುಂಚೆ ಕಾನೂನಿನ ಒಂದು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ರಿಪೇರಿ ಮಾಡುವವರಿಗೆ ಅದಕ್ಕೆಂದೇ ಪರವಾನಗಿ ಇರಬೇಕು. ನಿಮ್ಮ ಲೈಸೆನ್ಸಿನ ಕೋವಿಯನ್ನು ನೀವು ಬಿಚ್ಚಿ ಒರೆಸಿ ಎಣ್ಣೆ ಹಾಕುವುದು ಆರೈಕೆ. ಉಕ್ಕು ಸವೆಸುವ ಕೆಲಸ ಪರವಾನಗಿ ಇರುವ ಗನ್‌ಸ್ಮಿತ್‌ನದು. ಬೆಂಗಳೂರಿನ ಪೀಣ್ಯದಲ್ಲಿ ಹೋನಿಂಗ್, ಅಂದರೆ ಒಳಮೈ ಉಜ್ಜಿ ನುಣುಪಾಗಿಸುವ ಕೆಲಸ, ಮಾಡುವ ಒಳ್ಳೆಯ ಕೈಗಳು ಬೇಕಾದಷ್ಟಿವೆ, ಎಂಜಿನ್ ಸಿಲಿಂಡರನ್ನು ಕನ್ನಡಿಯಂತೆ ಮಾಡಿಕೊಡುತ್ತಾರೆ. ಆದರೂ ಕೋವಿಯ ನಳಿಕೆಯನ್ನು ಅಲ್ಲಿಗೆ ಒಯ್ಯುವಂತಿಲ್ಲ. ಕಾನೂನು ಬಿಡುವುದಿಲ್ಲ, ಜೊತೆಗೆ ಸಿಲಿಂಡರಿನ ಲೆಕ್ಕ ಚೇಂಬರಿಗೆ ಹೊಂದುವುದೂ ಇಲ್ಲ. ಏಕೆ ಹೊಂದುವುದಿಲ್ಲ ಎಂಬುದು ಮುಂದೆ ಬರುತ್ತದೆ.

ಒಳಗೆ ನಡೆಯುವುದೇನು

ಚೇಂಬರ್ ಎಂದರೆ ನಳಿಕೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡು. ನೋಡಲು ನೇರ ಕೊಳವೆಯಂತಿದ್ದರೂ ಅದು ನೇರವಲ್ಲ. 12 ಬೋರಿನಲ್ಲಿ ಹಿಂಬಾಯಿಯ ವ್ಯಾಸ ಸುಮಾರು 20.6 ಮಿ.ಮೀ., ಮುಂದಿನ ತುದಿಯಲ್ಲಿ ಸುಮಾರು 20.3 ಮಿ.ಮೀ. 70 ಮಿ.ಮೀ. ಉದ್ದಕ್ಕೆ ಮೂರನೇ ಒಂದು ಮಿಲಿಮೀಟರಿನಷ್ಟು ಮೊನಚು, ಅಂದರೆ ಮುಂದೆ ಹೋದಂತೆ ಕಿರಿದಾಗುವಿಕೆ. ಎಕ್ಸ್‌ಟ್ರಾಕ್ಟರಿನ ಕೆಲಸ ಹಗುರವಾಗುವುದು ಈ ಮೊನಚಿನಿಂದಲೇ. ತೋಟಾ 4 ಮಿ.ಮೀ. ಹಿಂದೆ ಸರಿದರೆ ಸಾಕು, ವ್ಯಾಸದಲ್ಲಿ ಸುಮಾರು 0.02 ಮಿ.ಮೀ. ಜಾಗ ಬಿಡುತ್ತದೆ, ಹಿಡಿತ ಕಳಚುತ್ತದೆ. ಆದ್ದರಿಂದ ಜಗಳವೆಲ್ಲ ಮೊದಲ ಒಂದೆರಡು ಮಿಲಿಮೀಟರಿನದು. ಅಲ್ಲಿ ಅಲುಗಿದರೆ ಮುಂದಿನದು ತಾನಾಗಿ ಬರುತ್ತದೆ.

ಕುದುರೆ, ಅಂದರೆ ಟ್ರಿಗರ್, ಎಳೆದಾಗ ಒಳಗಿನ ಒತ್ತಡ ನೂರಾರು ಬಾರ್‌ಗೆ ಏರುತ್ತದೆ. ಸಾಮಾನ್ಯ 12 ಬೋರ್ ತೋಟಾಕ್ಕೆ ಅಂತರರಾಷ್ಟ್ರೀಯ ಮಿತಿ 740 ಬಾರ್. ಆ ಒತ್ತಡಕ್ಕೆ ಪ್ಲಾಸ್ಟಿಕ್ ಗೋಡೆಯೂ ಲೋಹದ ಬುಡವೂ ಉಬ್ಬಿ ಚೇಂಬರಿನ ಮೈಗೆ ಅಂಟುತ್ತವೆ. ಹಾಗೆ ಅಂಟಿದರೇ ಹಿಂದಕ್ಕೆ ಹೊಗೆ ನುಗ್ಗದಂತೆ ಮುಚ್ಚಿಕೊಳ್ಳುವುದು. ಒತ್ತಡ ಇಳಿದಾಗ ಎರಡೂ ಕುಗ್ಗಿ ಬಿಡಬೇಕು. ಹಿತ್ತಾಳೆ ಚೆನ್ನಾಗಿ ಕುಗ್ಗುತ್ತದೆ. ಹಿತ್ತಾಳೆ ಬಣ್ಣ ಬಳಿದ ಮೆದು ಉಕ್ಕಿನ ಬುಡ ಅಷ್ಟು ಕುಗ್ಗದು. ನಿಮ್ಮ ತೋಟಾದ ಬುಡಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಂಡರೆ ಅದು ಉಕ್ಕು. ಒಂದೇ ಕೋವಿ ಒಂದು ಬಗೆಯ ತೋಟಾವನ್ನು ಉಗುಳಿ ಇನ್ನೊಂದನ್ನು ಕಚ್ಚಿಕೊಳ್ಳುವ ಒಗಟು ಬಹಳ ಸಲ ಇಲ್ಲೇ ಬಿಡಿಸಿಕೊಳ್ಳುತ್ತದೆ.

ಈಗ ಚೇಂಬರಿನ ಮೈ ನುಣುಪಾಗಿಲ್ಲ ಎಂದುಕೊಳ್ಳಿ. ತುಕ್ಕು ತಿಂದ ಗುಳಿಗಳಿದ್ದರೆ ಬಿಸಿಗೆ ಮೆತ್ತಗಾದ ಪ್ಲಾಸ್ಟಿಕ್ ಆ ಗುಳಿಗಳೊಳಗೆ ಒತ್ತಿ ಇಳಿಯುತ್ತದೆ. ಇಡ್ಲಿ ತಟ್ಟೆಯ ಗುಳಿಗೆ ಹಿಟ್ಟು ಇಳಿದಂತೆ. ಹೊರಗೆ ಎಳೆಯುವಾಗ ಆ ಮೊಳಕೆಗಳನ್ನೆಲ್ಲ ಕತ್ತರಿಸಿಕೊಂಡೇ ಬರಬೇಕು. ಗೀರುಗಳ ದಿಕ್ಕಿಗೂ ಬೆಲೆಯಿದೆ. ನಳಿಕೆಯ ಉದ್ದಕ್ಕೆ ಬಿದ್ದ ಸಣ್ಣ ಗೀರು ಅಷ್ಟೇನೂ ತೊಂದರೆ ಕೊಡದು, ತೋಟಾ ಅದೇ ಹಾದಿಯಲ್ಲಿ ಜಾರುತ್ತದೆ. ಸುತ್ತಲೂ ಬಳೆಯಂತೆ ಬಿದ್ದ ಗೀರು ಮೆಟ್ಟಿಲಿನಂತೆ ಅಡ್ಡ ನಿಲ್ಲುತ್ತದೆ. ಅವಸರದಲ್ಲಿ ಕೊರೆದ ರೀಮರಿನ (ರಂಧ್ರ ಅಗಲಿಸುವ ಉಪಕರಣದ) ಗುರುತೂ ಡ್ರಿಲ್ಲಿಗೆ ಎಮರಿ ಕಾಗದ ಸುತ್ತಿ ತಿರುಗಿಸಿದವರ ಗುರುತೂ ಹೀಗೆಯೇ ಇರುತ್ತವೆ.

ಹಳೆಯ ಕೋವಿಗಳ ಗುಳಿಗಳಿಗೆ ಒಂದು ಇತಿಹಾಸವಿದೆ. ಹಿಂದಿನ ಕಾಲದ ತೋಟಾಗಳ ಪ್ರೈಮರಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಭಾಗದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದು ಉಳಿಯುವ ಪೊಟ್ಯಾಸಿಯಂ ಕ್ಲೋರೈಡ್ ಉಪ್ಪಿನ ಜಾತಿಯದು, ಗಾಳಿಯ ತೇವ ಹೀರುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಬರೀ ಎಣ್ಣೆ ಬಟ್ಟೆ ಎಳೆದು ಗೋಡೆಗೆ ನೇತುಹಾಕಿದ ಕೋವಿಗಳು ಒಳಗೊಳಗೇ ಸವೆದದ್ದು ಹೀಗೆ.

ಮೊದಲ ಹೆಜ್ಜೆ: ಖಾಲಿ ತೋಟಾ ಓದುವುದು

ಮುಂದೆ ಹೇಳುವಂತೆ ಚೇಂಬರಿನ ಉದ್ದಕ್ಕೆ ತೋಟಾ ಹೊಂದುತ್ತದೆ ಎಂದು ಮೊದಲು ಖಚಿತಪಡಿಸಿಕೊಂಡು, ಪರವಾನಗಿ ಇರುವ ರೇಂಜಿನಲ್ಲಿ ಒಂದೇ ಪೆಟ್ಟಿಗೆಯ ತೋಟಾದಿಂದ ಪ್ರತಿ ನಳಿಕೆಗೆ ನಾಲ್ಕೈದು ಹೊಡೆಯಿರಿ. ಹೊಡೆದ ಕೂಡಲೇ ಪ್ರತಿ ಖಾಲಿ ತೋಟಾದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಎಡ ಅಥವಾ ಬಲ ಎಂದು ಬರೆಯಿರಿ, ಎಷ್ಟನೆಯದು ಎಂದೂ ನಮೂದಿಸಿ. ಎಕ್ಸ್‌ಟ್ರಾಕ್ಟರ್ ಮೇಲೆತ್ತಿದ ಕಡೆಗೆ, ಅಂದರೆ ಬುಡದ ಅಂಚಿಗೆ ಅದು ತಾಗುವ ಜಾಗಕ್ಕೆ, ತೆಗೆಯುವ ಮುಂಚೆಯೇ ಒಂದು ಚುಕ್ಕೆ ಇಡಿ. ಈ ಚುಕ್ಕೆಯಿಲ್ಲದೆ ಗುರುತು ಚೇಂಬರಿನ ಯಾವ ಮೂಲೆಯದು ಎಂದು ಹೇಳಲಾಗದು.

ಮನೆಗೆ ಬಂದು ಕಿಟಕಿಯ ಓರೆ ಬೆಳಕಿನಲ್ಲಿ ನೋಡಿ. ಪ್ಲಾಸ್ಟಿಕ್ ಗೋಡೆಯಲ್ಲಿ ಸಾಸಿವೆ ಮೂಡಿದಂತೆ ಸಣ್ಣ ಉಬ್ಬುಗಳಿದ್ದರೆ ಅವು ಚೇಂಬರಿನ ಗುಳಿಗಳ ಅಚ್ಚು. ಅದೇ ನಳಿಕೆಯ ಎಲ್ಲ ತೋಟಾಗಳಲ್ಲೂ ಚುಕ್ಕೆಯಿಂದ ಅಷ್ಟೇ ದೂರದಲ್ಲಿ ಮೂಡಿದರೆ ಅನುಮಾನವೇ ಬೇಡ. ಸುತ್ತಲೂ ಬಳೆಯಂಥ ಗೆರೆಗಳು ಕಂಡರೆ ಅವು ರೀಮರ್ ಅಥವಾ ಎಮರಿಯ ಗುರುತು. ಉದ್ದಕ್ಕೆ ಒಂದೇ ಒಂದು ಆಳದ ಗೀರು, ಅದೂ ಬುಡದಿಂದಲೇ ಶುರುವಾದರೆ, ಹಿಂಬಾಯಿಯಲ್ಲಿ ಬರ್, ಅಂದರೆ ಲೋಹದ ಚೂಪು ಮುಳ್ಳು, ಎದ್ದಿದೆ. ಯಾರೋ ಸ್ಕ್ರೂಡ್ರೈವರ್ ತೂರಿಸಿ ಮೀಟಿದ ಫಲ ಇದು, ಹಳೆಯ ಕೋವಿಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ.

ಗೋಡೆ ನುಣ್ಣಗಿದ್ದು ಬುಡದ ಅಂಚು ಮಾತ್ರ ಸೀಳಿದ್ದರೆ ಅಥವಾ ಬಾಗಿದ್ದರೆ ಎರಡರಲ್ಲಿ ಒಂದು. ತೋಟಾ ಗಟ್ಟಿ ಹಿಡಿದಿದೆ, ಇಲ್ಲವೇ ಎಕ್ಸ್‌ಟ್ರಾಕ್ಟರಿನ ತುಟಿ ಸವೆದು ಜಾರುತ್ತಿದೆ. ಎರಡನ್ನೂ ಬೇರ್ಪಡಿಸಲು ಸುಲಭ ದಾರಿಯಿದೆ. ಕೋವಿ ತೆರೆದಿಟ್ಟು ಖಾಲಿ ತೋಟಾವನ್ನು ಬೆರಳಲ್ಲೇ ಎಳೆಯಿರಿ. ಬೆರಳಿಗೆ ಸಲೀಸಾಗಿ ಬಂದರೆ ಚೇಂಬರ್ ನಿರಪರಾಧಿ, ಎಕ್ಸ್‌ಟ್ರಾಕ್ಟರನ್ನೇ ವಿಚಾರಿಸಬೇಕು.

ಇಜೆಕ್ಟರ್ ಇರುವ ಕೋವಿಯಲ್ಲಿ ಒಂದು ಸೂಕ್ಷ್ಮ. ಅಲ್ಲೂ ತೋಟಾವನ್ನು ಮೊದಲು ಸಡಿಲಿಸುವುದು ನಳಿಕೆ ಬಾಗಿಸುವ ನಿಮ್ಮ ಕೈಬಲವೇ, ಸ್ಪ್ರಿಂಗ್ ಅಲ್ಲ. ಸ್ಪ್ರಿಂಗಿನ ಹೊಡೆತ ಆಮೇಲೆ ಬೀಳುತ್ತದೆ, ಸಡಿಲಗೊಂಡ ತೋಟಾವನ್ನು ಹೊರಗೆ ಎಸೆಯುವುದಷ್ಟೇ ಅದರ ಕೆಲಸ. ಒರಟು ಚೇಂಬರಿಗೆ ಬಿಗಿ ಸ್ಪ್ರಿಂಗ್ ಮದ್ದಾಗದು. ಹಾಗೆ ಮಾಡಿದರೆ ಎಕ್ಸ್‌ಟ್ರಾಕ್ಟರಿನ ಕಾಲು ಬಾಗುತ್ತದೆ.

ಇನ್ನೊಂದು ಸುಳಿವು ಕಾವು. ಮೊದಲ ಹತ್ತು ತೋಟಾ ಸಲೀಸಾಗಿ ಬಂದು, ನಳಿಕೆ ಕೈಗೆ ಬಿಸಿ ತಾಗತೊಡಗಿದ ಮೇಲೆ ಕಚ್ಚತೊಡಗಿದರೆ ಅದು ಬಹುಮಟ್ಟಿಗೆ ಕರಗಿ ಅಂಟಿದ ಪ್ಲಾಸ್ಟಿಕ್ ಪದರದ ಕೆಲಸ. ತೊಳೆದರೆ ಹೋಗುತ್ತದೆ. ಮೊದಲ ತೋಟಾದಿಂದಲೇ ಕಚ್ಚಿದರೆ ಉಕ್ಕಿನಲ್ಲೇ ದೋಷವಿರಬಹುದು.

ಚೇಂಬರಿನ ಉದ್ದ ತಿಳಿಯದೆ ಮುಂದೆ ಹೋಗಬೇಡಿ

ಬ್ರಿಟಿಷರ ಕಾಲದ ಬಹಳಷ್ಟು ಕೋವಿಗಳ ಚೇಂಬರ್ ಎರಡೂವರೆ ಇಂಚಿನದು, ಅಂದರೆ 65 ಮಿ.ಮೀ. ಇಂದು ಸಾಮಾನ್ಯವಾಗಿ ಸಿಗುವುದು 70 ಮಿ.ಮೀ. ತೋಟಾ. ಮೋಸ ಎಲ್ಲಿದೆಯೆಂದರೆ, ಬಾಯಿ ಮಡಚಿದ ಹೊಸ 70 ಮಿ.ಮೀ. ತೋಟಾ ಆ ಗಿಡ್ಡ ಗೂಡಿನಲ್ಲೂ ಆರಾಮವಾಗಿ ಕೂರುತ್ತದೆ. ತೋಟಾದ ಮೇಲೆ ಬರೆದಿರುವ ಉದ್ದ ಹೊಡೆದು ಬಿಚ್ಚಿಕೊಂಡ ಮೇಲಿನದು. ಗಿಡ್ಡ ಚೇಂಬರಿನಲ್ಲಿ ಅದರ ಬಾಯಿ ಬಿಚ್ಚಿಕೊಳ್ಳುವುದು ಮುಂದಿನ ಇಳಿಜಾರಿನಲ್ಲಿ, ಫೋರ್ಸಿಂಗ್ ಕೋನ್‌ನೊಳಗೆ. ದಾರಿ ಕಿರಿದಾಗಿ ಒತ್ತಡ ಏರುತ್ತದೆ, ಬಾಯಿ ಹರಿದು ಚಿಂದಿಯಾಗುತ್ತದೆ, ತೋಟಾ ಸಿಕ್ಕಿಕೊಳ್ಳುತ್ತದೆ. ಖಾಲಿ ತೋಟಾದ ಬಾಯಿ ಸುಟ್ಟು ಹರಿದು ಉದ್ದಕ್ಕೆ ಎಳೆದಂತಿದ್ದರೆ ಇದನ್ನೇ ಶಂಕಿಸಿ.

ನಳಿಕೆ ಬಿಚ್ಚಿ ಅಡಿಯ ಚಪ್ಪಟೆ ಭಾಗ ನೋಡಿ. ಎರಡೂವರೆ ಅಥವಾ 65 ಎಂದು ಕೊರೆದಿದ್ದರೆ ಆ ಕೋವಿಗೆ 70ರ ತೋಟಾ ಬೇಡ, ಎಷ್ಟು ಪಾಲಿಶ್ ಮಾಡಿಸಿದರೂ ಬೇಡ. ಅಂಕಿಯೇ ಇಲ್ಲದಿದ್ದರೆ ಗನ್‌ಸ್ಮಿತ್ ಬಳಿ ಚೇಂಬರ್ ಗೇಜ್ ಇಳಿಸಿ ಅಳೆಸಿ. ನಳಿಕೆಯ ಹೊರಮೈಯಲ್ಲಿ ಸುರುಳಿ ಸುರುಳಿಯಾಗಿ ನೇಯ್ದಂಥ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಕೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದದ್ದು. ಅಂಥ ಕೋವಿಗೆ ಇಂದಿನ ತೋಟಾ ಹಾಕುವ ಯೋಚನೆ ಕೈಬಿಡಿ, ಚೇಂಬರ್ ಉಜ್ಜಿಸುವುದನ್ನೂ ಬಿಡಿ. ಅದು ಇರಬೇಕಾದದ್ದು ಗೋಡೆಯ ಮೇಲೆ.

ತೊಳೆಯುವುದು

ನಮ್ಮ ಅನಿಸಿಕೆಯಲ್ಲಿ ಒರಟು ಚೇಂಬರ್ ಎಂದು ಬರುವ ಕೋವಿಗಳಲ್ಲಿ ದೊಡ್ಡ ಪಾಲು ಬರೀ ಕೊಳೆ ಚೇಂಬರಿನವು. ಆದ್ದರಿಂದ ಈ ಕೆಲಸ ಮನಸ್ಸಿಟ್ಟು ಮಾಡಿ.

ಬೇಕಾಗುವುದು ಇಷ್ಟು: 12 ಬೋರಿನ ಕಂಚಿನ ಬ್ರಷ್, ಚೇಂಬರಿಗೆಂದು 12ಕ್ಕಿಂತ ದಪ್ಪದ ಇನ್ನೊಂದು 10 ಬೋರಿನ ಬ್ರಷ್. ನಳಿಕೆಯ ಒಳವ್ಯಾಸ ಸುಮಾರು 18.5 ಮಿ.ಮೀ., ಚೇಂಬರಿನದು 20ಕ್ಕೂ ಮೇಲೆ. 12ರ ಬ್ರಷ್ ಚೇಂಬರಿನಲ್ಲಿ ಗಾಳಿಗೆ ತಿರುಗುತ್ತದೆಯೇ ಹೊರತು ಉಜ್ಜುವುದಿಲ್ಲ. 10ರದು ಸಿಗದಿದ್ದರೆ ಸವೆದ 12ರ ಬ್ರಷ್‌ಗೆ ನಾಲ್ಕು ಸೊನ್ನೆ ದರ್ಜೆಯ (0000, ಅತಿ ನಯವಾದ) ಸ್ಟೀಲ್ ವುಲ್ ಸುತ್ತಿ ಬಿಗಿ ಮಾಡಿಕೊಳ್ಳಿ. ಇದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ. ಪಾತ್ರೆ ಉಜ್ಜುವ ದಪ್ಪ ನಾರು ಖಂಡಿತ ಬೇಡ. ಜೊತೆಗೆ ಗನ್ ಸಾಲ್ವೆಂಟ್ ಅಥವಾ ಸೀಮೆ ಎಣ್ಣೆ, ಹಳೆಯ ಹತ್ತಿ ಪಂಚೆಯ ತುಂಡುಗಳು, ಟಾರ್ಚ್.

ಎರಡೂ ನಳಿಕೆ ಖಾಲಿಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಿ. ತೋಟಾ ಪೆಟ್ಟಿಗೆ ಬೇರೆ ಕೋಣೆಯಲ್ಲಿರಲಿ. ಫೋರ್‌ಎಂಡ್ (ನಳಿಕೆಯ ಅಡಿಯ ಮರದ ಹಿಡಿ) ಕಳಚಿ, ಕೋವಿ ತೆರೆದು ನಳಿಕೆಗಳನ್ನು ಬೇರ್ಪಡಿಸಿ. ಚೇಂಬರ್ ಕೆಳಮುಖವಾಗಿ ಇಳಿಜಾರಾಗಿಟ್ಟು ಸಾಲ್ವೆಂಟಿನಲ್ಲಿ ನೆನೆಸಿದ ಬಟ್ಟೆಯನ್ನು ಚೇಂಬರಿನಲ್ಲಿ ತುಂಬಿ 20 ನಿಮಿಷ ಬಿಡಿ. ಹೀಗಿಟ್ಟರೆ ಕೊಳಕು ದ್ರವ ನಳಿಕೆಯೊಳಗೆ ಓಡದು. ಪ್ಲಾಸ್ಟಿಕ್ ತೋಟಾದ ಪಾಲಿಥಿಲೀನ್ ಇಂಥ ದ್ರವಕ್ಕೆ ಕರಗುವುದಿಲ್ಲ ಎಂಬುದು ನೆನಪಿರಲಿ. ದ್ರವ ಪದರದ ಅಡಿಗೆ ಇಳಿದು ಅದನ್ನು ಮೈಯಿಂದ ಬಿಡಿಸುತ್ತದೆ, ಎಬ್ಬಿಸುವುದು ಬ್ರಷ್. ಅದಕ್ಕೇ ನೆನೆಯಲು ಸಮಯ ಕೊಡಬೇಕು. ಸೀಮೆ ಎಣ್ಣೆಯಾದರೆ ಕಿಟಕಿ ತೆರೆದಿರಲಿ, ದೇವರ ದೀಪ ಆರಿರಲಿ.

ಬ್ರಷ್ಷನ್ನು ಹಿಂದಿನಿಂದ ತೂರಿ, ತಿರುಗಿಸುತ್ತಾ ಹಿಂದೆ ಮುಂದೆ ಮೂವತ್ತು ಸಲ ಆಡಿಸಿ. ತೋಟಾದ ಬಾಯಿ ಮುಗಿಯುವ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲಿ, ಮಸಿಯೂ ಪ್ಲಾಸ್ಟಿಕ್ಕೂ ಉಂಗುರದಂತೆ ಕಟ್ಟಿಕೊಳ್ಳುವುದು ಅಲ್ಲೇ. ಒರೆಸಿ, ಮತ್ತೆ ನೆನೆಸಿ, ಮತ್ತೆ ಉಜ್ಜಿ. ಬಟ್ಟೆಯಲ್ಲಿ ಬಣ್ಣದ ಸಿಪ್ಪೆ ಬರುವುದು ನಿಲ್ಲುವವರೆಗೆ ಬಿಡಬೇಡಿ. ಹಳೆಯ ಪ್ರೈಮರಿನ ತೋಟಾ ಹೊಡೆದ ಕೋವಿಯೆಂಬ ಶಂಕೆಯಿದ್ದರೆ ಕೊನೆಗೊಮ್ಮೆ ಕುದಿನೀರು ಹಾಯಿಸಿ, ಬಿಸಿ ಆರುವ ಮುಂಚೆ ಒಣಗಿಸಿ ಎಣ್ಣೆ ಹಚ್ಚಿ.

ಎಕ್ಸ್‌ಟ್ರಾಕ್ಟರನ್ನು ಮೇಲೆತ್ತಿ ಅದರ ಹಿಂದಿನ ಗೂಡನ್ನೂ ಬೆಂಕಿಕಡ್ಡಿಗೆ ಬಟ್ಟೆ ಸುತ್ತಿ ಒರೆಸಿ. ಅಲ್ಲಿ ಸುಡದ ಮದ್ದಿನ ಒಂದೆರಡು ಕಣ ಸಿಕ್ಕಿದರೂ ಎಕ್ಸ್‌ಟ್ರಾಕ್ಟರ್ ಸಮವಾಗಿ ಕೂರದು, ಕೋವಿ ಮುಚ್ಚಲು ಬಿಗಿಯಾಗುತ್ತದೆ.

ಈಗ ನೋಡುವ ಹೊತ್ತು. ಬಾಯಿಯ ಕಡೆಯಿಂದ ಬೆಳಕು ಬಿಟ್ಟು ಹಿಂದಿನಿಂದ ನೋಡಿ. ಹೊಳಪಿನ ನಡುವೆ ಕಪ್ಪು ಚುಕ್ಕೆಗಳು ಉಳಿದರೆ ಗುಳಿ. ಬೆಳಕಿನ ಉಂಗುರ ಒಂದೆಡೆ ಸೊಟ್ಟಗೆ ಮುರಿದಂತೆ ಕಂಡರೆ ನಳಿಕೆ ಅಲ್ಲಿ ಉಬ್ಬಿರಬಹುದು, ಅಂಥ ಕೋವಿಯನ್ನು ಪರೀಕ್ಷೆಯಾಗುವವರೆಗೆ ಹೊಡೆಯಬೇಡಿ. ಕಡ್ಡಿಗೆ ಸಡಿಲವಾಗಿ ಹತ್ತಿ ಸುತ್ತಿ ಚೇಂಬರಿನ ಮೈಮೇಲೆ ಎಳೆಯಿರಿ. ಎಳೆ ಸಿಕ್ಕಿದ ಕಡೆ ಬರ್ ಇದೆ, ಕಣ್ಣಿಗೆ ಕಾಣದಿದ್ದರೂ ಇದೆ. ಫೋನಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಸಿಕ್ಕರೆ ಚಿತ್ರ ತೆಗೆದಿಟ್ಟುಕೊಳ್ಳಿ. ಗನ್‌ಸ್ಮಿತ್ ಜೊತೆ ಮಾತಾಡುವಾಗ ಹತ್ತು ವಾಕ್ಯ ಉಳಿಯುತ್ತದೆ.

ಇಷ್ಟಾದ ಮೇಲೆ ಮತ್ತೆ ಹೊಡೆದು ನೋಡಿ. ತೋಟಾ ಸಲೀಸಾಗಿ ಬಂದರೆ ಕೆಲಸ ಮುಗಿಯಿತು. ಗುಳಿಗಳು ಕಾಣುತ್ತಿವೆ ಎಂಬ ಒಂದೇ ಕಾರಣಕ್ಕೆ ಉಜ್ಜಿಸಲು ಹೋಗಬೇಡಿ.

ಉಜ್ಜಿಸುವುದಾದರೆ ಏನು ಕೇಳಬೇಕು

ಗನ್‌ಸ್ಮಿತ್ ಬಳಿ ಹೋದಾಗ ಚೆನ್ನಾಗಿ ಪಾಲಿಶ್ ಮಾಡಿ ಎನ್ನಬೇಡಿ. ಆ ಒಂದು ಮಾತು ಎಷ್ಟೋ ಒಳ್ಳೆಯ ಚೇಂಬರುಗಳನ್ನು ಕೆಡಿಸುತ್ತದೆ. ಗುಳಿಯ ತಳ ಮುಟ್ಟುವವರೆಗೆ ಸವೆಸುವುದು ಗುರಿಯಲ್ಲ. ತೋಟಾವನ್ನು ಹಿಡಿಯುವುದು ಗುಳಿಯ ಚೂಪು ಅಂಚು. ಅಂಚು ಮೊಂಡಾದರೆ ಗುಳಿ ಅಲ್ಲೇ ಇದ್ದರೂ ತೋಟಾ ಜಾರಿ ಬರುತ್ತದೆ.

ಮೊನಚಿನ ಲೆಕ್ಕ ಇಲ್ಲಿ ಮತ್ತೆ ಬರುತ್ತದೆ. ಗುಳಿಗಳು ಚೇಂಬರಿನ ನಡುಭಾಗದಲ್ಲಿವೆ ಎನ್ನಿ. ಅಲ್ಲೇ ಎಮರಿ ಸುತ್ತಿದ ಕಡ್ಡಿ ನಿಲ್ಲಿಸಿ ತಿರುಗಿಸಿದರೆ ನಡುಭಾಗ ಹಿಂಬಾಯಿಗಿಂತ ಅಗಲವಾಗುತ್ತದೆ. ಮಡಕೆಯ ಹೊಟ್ಟೆ ಅಗಲ, ಕಂಠ ಕಿರಿದು. ತೋಟಾ ಆ ಹೊಟ್ಟೆಯಲ್ಲಿ ಉಬ್ಬುತ್ತದೆ, ಕಂಠದಲ್ಲಿ ಸಿಕ್ಕುತ್ತದೆ. ಚೇಂಬರ್ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ತೋಟಾ ಮೊದಲಿಗಿಂತ ಗಟ್ಟಿಯಾಗಿ ಕಚ್ಚುತ್ತದೆ. ಕೆಟ್ಟು ಹೋದ ಮೊನಚನ್ನು ಮತ್ತೆ ತರಬೇಕಾದರೆ ರೀಮರ್ ಹಾಕಬೇಕು, ಆಗ ಗೋಡೆಯೇ ತೆಳುವಾಗುತ್ತದೆ. ಸಿಲಿಂಡರ್ ಹೋನಿಂಗ್‌ನ ಲೆಕ್ಕ ಇಲ್ಲಿ ಹೊಂದದಿರುವುದೂ ಇದಕ್ಕೇ: ಸಿಲಿಂಡರ್ ಎರಡೂ ತುದಿಯಲ್ಲಿ ಒಂದೇ ಅಳತೆಯಿರಬೇಕು, ಚೇಂಬರ್ ಹಾಗಿರಬಾರದು. ಕಡ್ಡಿ ಅಲ್ಲಾಡಿದರೆ ಇನ್ನೊಂದು ಬಗೆಯ ಹಾನಿ. ಹಿಂಬಾಯಿ ಕಹಳೆಯಂತೆ ಅಗಲವಾಗಿ ತೋಟಾದ ಲೋಹದ ಬುಡ ಅಲ್ಲಿ ಮಿತಿಮೀರಿ ಉಬ್ಬುತ್ತದೆ.

ಕೇಳಬೇಕಾದದ್ದು ಹೀಗೆ. ಮುಂಚೆ ಅಳತೆ ತೆಗೆಯಲಿ, ಹಿಂಬಾಯಿ, ನಡು, ಮುಂದಿನ ತುದಿ, ಮೂರು ಕಡೆ. ಎಕ್ಸ್‌ಟ್ರಾಕ್ಟರ್ ಕೂರಿಸಿಯೇ ಕೆಲಸ ನಡೆಯಲಿ. ಅದಿಲ್ಲದಿದ್ದರೆ ಅದರ ಕಚ್ಚಿನ ಅಂಚುಗಳನ್ನು ಎಮರಿ ತಿಂದು ದುಂಡಗೆ ಮಾಡುತ್ತದೆ. 400 ನಂಬರಿನ ಎಮರಿ ಕಾಗದಕ್ಕೆ ಎಣ್ಣೆ ಹಾಕಿ ಆರಂಭಿಸಿ 600ಕ್ಕೆ ನಿಲ್ಲಿಸಲಿ. ಚೇಂಬರಿಗೆಂದೇ ಬರುವ, ತುದಿಯಲ್ಲಿ ಉಜ್ಜುಕಲ್ಲಿನ ಮಣಿಗಳಿರುವ ಫ್ಲೆಕ್ಸ್ ಹೋನ್ ಇದ್ದರೆ ಇನ್ನೂ ಒಳ್ಳೆಯದು. ಮಣಿಗಳು ಮೊನಚನ್ನು ಅನುಸರಿಸುತ್ತವೆ, ಗುಳಿಯ ಅಂಚನ್ನು ಮೃದುಗೊಳಿಸುತ್ತವೆ. ಎಣ್ಣೆ ಧಾರಾಳವಾಗಿರಲಿ. ನಿಧಾನ ತಿರುಗುತ್ತಲೇ ಒಳಗೆ ಹೋಗಬೇಕು, ತಿರುಗುತ್ತಲೇ ಹೊರಗೆ ಬರಬೇಕು, ಎಲ್ಲೂ ಒಂದೇ ಕಡೆ ನಿಲ್ಲಬಾರದು. ಹದಿನೈದು ಸೆಕೆಂಡು ಉಜ್ಜಿ, ಒರೆಸಿ, ನೋಡಿ, ಖಾಲಿ ತೋಟಾ ತೂರಿಸಿ ಪರೀಕ್ಷಿಸಿ, ಆಮೇಲೆ ಮುಂದಿನ ಹದಿನೈದು. ಒಟ್ಟು ಸವೆತ ವ್ಯಾಸದಲ್ಲಿ 0.02 ಮಿ.ಮೀ. ದಾಟುವ ಹೊತ್ತಿಗೆ ಕೈ ನಿಲ್ಲಬೇಕು. ಬಳೆ ಗೀರುಗಳು ಉಳಿದಿದ್ದರೆ ಕೊನೆಗೆ 600ರ ಕಾಗದವನ್ನು ಕೈಯಲ್ಲೇ ನಳಿಕೆಯ ಉದ್ದಕ್ಕೆ ಎಳೆಯಲಿ. ಉಳಿಯುವ ಸೂಕ್ಷ್ಮ ಗೆರೆಗಳು ತೋಟಾ ಹೊರಬರುವ ದಿಕ್ಕಿನಲ್ಲೇ ಇರಬೇಕು.

ಒಳಗೆ ಕ್ರೋಮ್ ಲೇಪನವಿರುವ ನಳಿಕೆಯಾದರೆ ಇದಾವುದೂ ಬೇಡ. ಲೇಪನ ಎದ್ದಿದ್ದರೆ ಎಮರಿ ಅದನ್ನು ಇನ್ನಷ್ಟು ಎಬ್ಬಿಸುತ್ತದೆ. ಕೆಲಸ ಮುಗಿದ ಮೇಲೆ ಎಕ್ಸ್‌ಟ್ರಾಕ್ಟರ್ ಬಿಚ್ಚಿ ಉಜ್ಜುಪುಡಿಯ ಕಣವೂ ಉಳಿಯದಂತೆ ತೊಳೆಸಿ.

ತೋಟಾ ಈಗಲೇ ಸಿಕ್ಕಿಬಿದ್ದಿದ್ದರೆ

ಅದು ಹೊಡೆದ ತೋಟಾವೇ ಎಂದು ಪ್ರೈಮರಿನ ಗುಂಡಿ ನೋಡಿ ಮಾತ್ರ ನಂಬಬೇಡಿ. ಗುಂಡಿ ಬಿದ್ದೂ ಸಿಡಿಯದ ತೋಟಾ ಇರುತ್ತದೆ. ಸದ್ದು ಬಂದು ಗುಂಡು ಹೊರಟದ್ದು ಖಚಿತವಿದ್ದರೆ ಮಾತ್ರ ನಳಿಕೆ ಬಿಚ್ಚಿ, ಬಾಯಿಯ ಕಡೆಯಿಂದ 15 ಮಿ.ಮೀ. ದಪ್ಪದ ನೇರ ಮರದ ಕೋಲು ಇಳಿಸಿ ಮೆಲ್ಲಗೆ ತಟ್ಟಿ. ನಳಿಕೆಯ ಬಾಯಿ ಚೋಕ್‌ನಿಂದ ಕಿರಿದಾಗಿರುವುದರಿಂದ ಇದಕ್ಕಿಂತ ದಪ್ಪದ ಕೋಲು ಬೇಡ. ಕಬ್ಬಿಣದ ಸರಳು ಮುಟ್ಟಬೇಡಿ. ಕುದುರೆ ಎಳೆದೂ ಸಿಡಿಯದಿದ್ದರೆ ನಳಿಕೆಯನ್ನು ಗುರಿಯ ದಿಕ್ಕಿಗೇ ಹಿಡಿದು ಒಂದು ನಿಮಿಷ ಕಾದು ಆಮೇಲೆ ತೆರೆಯಿರಿ. ಜೀವಂತ ತೋಟಾ ಸಿಕ್ಕಿದ್ದರೆ ಕೋಲು, ಸುತ್ತಿಗೆ, ಚಿಮ್ಮಟ ಯಾವುದೂ ಬೇಡ. ಗನ್‌ಸ್ಮಿತ್‌ಗೆ ತಿಳಿಸಿ, ಅವರು ಹೇಳುವವರೆಗೆ ಕೋವಿ ತೆರೆದ ಸ್ಥಿತಿಯಲ್ಲೇ ಇರಲಿ. ಮಳೆಗಾಲದಲ್ಲಿ ತೇವ ಕುಡಿದು ಉಬ್ಬಿದ ಕಾಗದದ ತೋಟಾ ಹೆಬ್ಬೆರಳಿಗೆ ಬಗ್ಗದಿದ್ದರೆ ಒತ್ತಿ ಕೂರಿಸಲೇಬೇಡಿ. ಹೀಗೆ ಒಳಗೇ ಉಳಿಯುವ ಜೀವಂತ ತೋಟಾಗಳಿಗೆ ಅದೂ ಒಂದು ಕಾರಣ.

ಮತ್ತೆ ಒರಟಾಗದಂತೆ

ಹೊಡೆಯುವ ಮುಂಚೆ ಚೇಂಬರಿನ ಎಣ್ಣೆ ಪೂರ್ತಿ ಒರೆಸಿ. ಎಣ್ಣೆಯಿದ್ದರೆ ತೋಟಾ ಗೋಡೆ ಹಿಡಿಯದೆ ಹಿಂದಕ್ಕೆ ಜೋರಾಗಿ ಒದೆಯುತ್ತದೆ. ಕೀಲು ಸಡಿಲವಾದ ಹಳೆಯ ಕೋವಿಗೆ ಆ ಒದೆತ ಬೇಡ. ಹೊಡೆದ ದಿನವೇ ತೊಳೆದು ತೆಳ್ಳಗೆ ಎಣ್ಣೆ ಹಚ್ಚಿ. ಚರ್ಮದ ಚೀಲದಲ್ಲಿ, ಉಣ್ಣೆಯ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಎರಡೂ ತೇವ ಹಿಡಿಯುತ್ತವೆ. ನಳಿಕೆಯ ಬಾಯಿಗೆ ಹತ್ತಿ ತುರುಕುವುದೂ ಅಷ್ಟೇ ಕೆಟ್ಟದ್ದು. ಬೆಂಗಳೂರಿನ ಒಣ ಬೀರುವಿನಲ್ಲಿದ್ದ ಕೋವಿಯನ್ನು ಸಕಲೇಶಪುರದ ತೋಟಕ್ಕೋ ಮಡಿಕೇರಿಗೋ ಒಯ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರಕ್ಕೊಮ್ಮೆ ಚೇಂಬರ್ ಒರೆಸಬೇಕು, ಹೊಡೆದಿರಲಿ ಬಿಡಲಿ.

ಆಯುಧ ಪೂಜೆ ಮತ್ತು ಕೊಡಗಿನ ಆಯುಧ ಹಬ್ಬ ಕೈಲ್ ಪೊಳ್ದ್ ದಿನ ಅರಿಸಿನ ಕುಂಕುಮವನ್ನು ಮರದ ಹಿಡಿಗೆ ಇಡಿ. ನೀರಲ್ಲಿ ಕಲಸಿದ ಅರಿಸಿನ ಲೋಹದ ಮೇಲೆ ರಾತ್ರಿಯಿಡೀ ಉಳಿದರೆ ಬೆಳಗಾಗುವಷ್ಟರಲ್ಲಿ ತುಕ್ಕು ಎದ್ದಿರುತ್ತದೆ. ಹೂ ಏರಿಸುವಾಗ ನಳಿಕೆಯ ಹಿಂಬಾಯಿ ಮುಚ್ಚಿರಲಿ.

ಚುನಾವಣೆ ಬಂದು ಕೋವಿ ಠಾಣೆಯಲ್ಲಿ ಜಮಾ ಆಗುವ ಕಾಲಕ್ಕೆ ಬೇರೆ ಸಿದ್ಧತೆ ಬೇಕು. 2024ರ ಲೋಕಸಭೆ ಫಲಿತಾಂಶ ಬಂದದ್ದು ಜೂನ್ 4ಕ್ಕೆ, ಮುಂಗಾರು ಹೊಸ್ತಿಲಲ್ಲಿದ್ದಾಗ. ಕೊಡುವ ಹಿಂದಿನ ದಿನ ಚೇಂಬರ್ ತೊಳೆದು ಒಣಗಿಸಿ, ತುಕ್ಕುತಡೆ ಗ್ರೀಸ್ ಬೆರಳಿಗೆ ಅಂಟುವಷ್ಟು ದಪ್ಪಗೆ ಹಚ್ಚಿ, ನಳಿಕೆಯ ನಂಬರನ್ನು ರಸೀದಿಯೊಂದಿಗೆ ತಾಳೆ ನೋಡಿ. ತಂದ ದಿನ ಆ ಗ್ರೀಸನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕೆಂಪಗೆ ಬಂದರೆ ಆ ಸಂಜೆಯೇ ಬ್ರಷ್ ಹಿಡಿಯಿರಿ. ಎದ್ದು ಒಂದೆರಡು ವಾರವಾದ ತುಕ್ಕನ್ನು ಸ್ಟೀಲ್ ವುಲ್ ಎತ್ತಿಬಿಡುತ್ತದೆ, ಒಂದು ಮಳೆಗಾಲ ಕಳೆದ ತುಕ್ಕು ಗುಳಿ ಬಿಟ್ಟೇ ಹೋಗುತ್ತದೆ.